ಮಾಲಿಂಗೊ

ಸಂದಕ್‌ಪುರದ ಬೆನ್ನಿನ ಕೆಳಗೆ, ಇಲಾಮಿನ ಊರುಗಳ ಮೇಲೆ
ಮಂಜು ಕುರುಡನಂತೆ ಮರ ಮರ ತಡವುತ್ತ ಬರುತ್ತದೆ.
ಚೀಲ ಬಿಚ್ಚಿ ಕೂತಿದ್ದೇನೆ: ಸ್ಕೇಲು, ಭೂತಗನ್ನಡಿ,
ಹಳೆಯ ಪೇಪರಿನ ನಡುವೆ ಒತ್ತಿಟ್ಟ ಎಲೆ, ಮೊಂಡು ಪೆನ್ಸಿಲ್ಲು.
ಎದುರಿಗೆ ಧನರೂಪಾ ನೆಂಬಾಂಗ್,
ಮಡಿಲಲ್ಲಿ ಅರ್ಧ ಹೆಣೆದ ಡೋಕೊ ಬುಟ್ಟಿ.

"ಇದರ ಕುಲ ಯಾವುದು?"
ಕೇಳಿದ್ದು ನಾನಲ್ಲ, ಅವಳು.

ಹೇಳಿದೆ: ಮೊದಲು ಅರುಂಡಿನೇರಿಯ ಅಂದರು,
ಆಮೇಲೆ ಸಿನಾರುಂಡಿನೇರಿಯಕ್ಕೆ ಸಾಗಿಸಿದರು,
ಈಗ ಯುಶಾನಿಯ. ಸಮುದ್ರದಾಚೆ
ಯಾವುದೋ ದ್ವೀಪದ ಬೆಟ್ಟದ ಹೆಸರು, ನಾನೂ ಕಂಡಿಲ್ಲ.
ಹೆಣಿಗೆ ನಿಲ್ಲಿಸದೆ ನಕ್ಕಳು:
"ಮೂರು ಮನೆ ಕಂಡ ಸೊಸೆ!
ತವರಲ್ಲಿ ಒಂದೇ ಹೆಸರು, ಮಾಲಿಂಗೊ."

ಹೂವಿದ್ದರೆ ಇಷ್ಟು ಜಗಳವಿಲ್ಲ.
ಕೇಸರ ಮೂರೋ ಆರೋ ಎಣಿಸಿದರೆ ಅರ್ಧ ಪುಸ್ತಕ ಮುಚ್ಚಬಹುದು.
ಆದರೆ ಇದು ಹೂ ಬಿಟ್ಟದ್ದನ್ನು ಕಂಡವಳು ಅವಳ ಅಜ್ಜಿ ಒಬ್ಬಳೇ,
ಆ ಅಜ್ಜಿಯೂ ಇಲ್ಲ.
ಹಾಗಾಗಿ ಸಾಕ್ಷಿಗೆ ಉಳಿದದ್ದು ಮೈ ಹೊದಿಕೆ:
ಕಳಲೆ ಹೊದ್ದ ಹಾಳೆ, ಹಾಳೆಯ ಭುಜದ ಮೇಲೆ ರೋಮ,
ಕೊರಳಲ್ಲಿ ನಾಲಗೆಯಂಥ ಪೊರೆ, ಗೆಣ್ಣಿನ ಉಬ್ಬು.
ನಾನು ಮಿಲಿಮೀಟರು ಬರೆಯುತ್ತಿರಲು
ಅವಳು ಕಣ್ಣು ಮುಚ್ಚಿ ಹೆಬ್ಬೆರಳಲ್ಲಿ ಸವರಿದಳು:
"ಒರಟು. ಬೆಕ್ಕಿನ ನಾಲಗೆ. ಇದು ಮಾಲಿಂಗೊ.
ಪಕ್ಕದ್ದು ನುಣುಪು, ಬೂದಿ ಬಳಿದ ಹಾಗೆ. ಅದು ಬೇರೆ."

ಅಗೆದೆವು. ಕಪ್ಪು ಮಣ್ಣಿನಡಿ ಬೇರುಕಾಂಡ
ಕತ್ತು ಚಾಚಿ, ಮೊಳದುದ್ದ ಕತ್ತಲಲ್ಲಿ ನಡೆದು,
ತನಗೆ ಬೇಕಾದಲ್ಲಿ ಎದ್ದಿದೆ.
ಮೆಳೆ ಕಟ್ಟಿ ನಿಲ್ಲುವ ಕುಲ ಒಂದು,
ಒಂಟಿಯಾಗಿ ನಡೆದುಹೋಗಿ ನಿಲ್ಲುವುದು ಇನ್ನೊಂದು.
"ಉದ್ದ ಕತ್ತು," ಎಂದು ಬರೆದುಕೊಂಡೆ.
"ನನ್ನ ತಂಗಿಯ ಹಾಗೆ," ಅಂದಳು.
ತಂಗಿ ಎಲ್ಲಿ ಎದ್ದಳೆಂದು ನಾನು ಕೇಳಲಿಲ್ಲ.

ಏಳು ವರ್ಷದ ಮೇಲೆ, ಚೈತ್ರದಲ್ಲಿ, ಫೋನು.
"ಬನ್ನಿ, ನಿಮ್ಮ ಹೂವು ಬಂದಿದೆ."
ನಿಮ್ಮ, ಅಂದಳು.

ಎರಡು ದಿನದ ದಾರಿ ಒಂದೂವರೆಯಲ್ಲಿ ಹತ್ತಿದೆ.
ಗುಡ್ಡದ ಗುಡ್ಡವೇ ಎಲೆ ಕಳಚಿ
ನೇರಳೆ ತೆನೆ ತೂಗುತ್ತಿತ್ತು,
ಗಾಳಿಗೆ ಜೋಲುವ ಹಳದಿ ಕೇಸರ.
ಎಣಿಸಿದೆ. ಕೈ ನಡುಗಿತು, ಮತ್ತೆ ಎಣಿಸಿದೆ.
ಮೂರು!
ಕೂಗಿದ್ದು ಕಣಿವೆಯಾಚೆಗೂ ಕೇಳಿರಬೇಕು.

ಧನರೂಪಾ ಖುಕುರಿ ಮಸೆಯುತ್ತಿದ್ದಳು.
"ಹೂ ಬಿಟ್ಟದ್ದು ಬಾಗುವುದಿಲ್ಲ, ಮುರಿಯುತ್ತದೆ.
ಹಸಿರು ಉಳಿದದ್ದನ್ನು ಇವತ್ತೇ ಕಡಿಯಬೇಕು."
ಇನ್ನು ಹತ್ತು ವರ್ಷ ಬುಟ್ಟಿಯಿಲ್ಲ, ಚಾಪೆಯಿಲ್ಲ,
ಕೆಂಪು ಬಾಲದ ಹಾಬ್ರೆ ಆಗಲೇ ಆಚೆ ಗುಡ್ಡಕ್ಕೆ ಹೋಗಿದೆ.
ನನ್ನ ಕೈಯಲ್ಲಿ ತೆನೆ ಇತ್ತು.
ಎಲ್ಲಿಡಬೇಕೆಂದು ತಿಳಿಯಲಿಲ್ಲ.
ಕೊನೆಗೆ ಪೇಪರಿನ ನಡುವೆಯೇ ಇಟ್ಟೆ.

ಕಾಠ್ಮಂಡುವಿನಲ್ಲಿ ಅಂಟಿಸಿ, ನಂಬರು ಕೊಟ್ಟು,
ಸಂಗ್ರಹಿಸಿದವರು ಎಂಬಲ್ಲಿ ಎರಡು ಹೆಸರು ಬರೆದೆ.
"ಈ ನೆಂಬಾಂಗ್ ಯಾವ ಇಲಾಖೆಯವರು?" ಎಂದರು ಸಾಹೇಬರು.

ಮರುವರ್ಷದ ಮಳೆಯಲ್ಲಿ ಮತ್ತೆ ಹೋದೆ.
ಸತ್ತ ಗಳುಗಳ ಬೂದು ಕಾಡಿನ ಕೆಳಗೆ
ಬೆರಳೆತ್ತರದ ಹಸಿರು, ಗರಿಕೆಯಷ್ಟೇ ಬಡವು.
ಮೊಮ್ಮಗಳು ಮಿಕ್ಸಮ್, ಆರು ವರ್ಷ,
ಮೇಕೆಗೆಂದು ಹಿಡಿ ತುಂಬ ಕಿತ್ತು ತಂದಳು.
"ಹುಲ್ಲು ತಾನೇ?"
ಧನರೂಪಾ ನನ್ನ ಮುಖ ನೋಡಿದಳು.
ಪುಸ್ತಕದ ಪ್ರಕಾರ ಹೌದು,
ಭತ್ತ ಗೋಧಿಗಳ ದಾಯಾದಿ, ಹುಲ್ಲಿನ ಕುಟುಂಬ.
ನಾನು ಸುಮ್ಮನಿದ್ದೆ.

"ಹುಲ್ಲೇ," ಅಂದಳು ಅಜ್ಜಿ,
"ನಿನ್ನ ಮದುವೆಯ ಹೊತ್ತಿಗೆ ಡೋಕೊ. ವಾಪಸು ನೆಡು."

ಮಗು ಒಂದೊಂದೇ ಊರಿ ಹೆಬ್ಬೆರಳಲ್ಲಿ ಒತ್ತಿತು.
ಹಗ್ಗ ಜಗ್ಗುತ್ತ ನಿಂತ ಮೇಕೆಗೆ
ಇನ್ನೂ ಅನುಮಾನ.